ಲೈಟ್ ಹೋದ್ರೂ ಮೀಟಿಂಗ್ ಕಟ್ ಆಗಬಾರದಂದ್ರ

ಬೆಂಗಳೂರಿಗೆ ವಾಪಸ್ ಹೋಗಬೇಕೋ, ಹುಬ್ಬಳ್ಳಿ-ಧಾರವಾಡದಾಗ ಕುಂತು ಕೆಲಸ ಮಾಡಬೇಕೋ ಅನ್ನೋ ವಾದ ಇಲ್ಲಿ ದಿನಾ ನಡದೈತಿ. ಅದು ನಡೀಲಿ. ಇಲ್ಲೇ ಇರೋರಿಗೆ ಒಂದು ಮಾತು.

ಧಾರವಾಡದ ಮಳಿ ನಿಮಗ ಗೊತ್ತೈತಲ್ಲ. ಹೋದ ಮಳಿಗಾಲದಾಗ ಸಪ್ತಾಪುರದ ಮನಿಯೊಳಗ ನನ್ನ ಡೆಮೊ ನಡದಾಗ ಲೈಟ್ ಹೋತು. ಇನ್ವರ್ಟರ್ ಇತ್ತು ಖರೆ, ಆದ್ರ ಅದು ಚಾಲೂ ಆಗೋ ಕ್ಷಣದಾಗ ರೌಟರ್ ಆಫ್ ಆಗಿ ಮತ್ತ ಆನ್ ಆತು. ನೆಟ್ ಬರೂದಕ್ಕ ಮೂರು ನಿಮಿಷ. ಅಷ್ಟರಾಗ ಮ್ಯಾನೇಜರು ಮುಂದಿನ ವಿಷಯಕ್ಕ ಹೋಗಿಬಿಟ್ಟಿದ್ರು.

ರೌಟರಿಗಂತನ ಸಣ್ಣ ಡಿಸಿ ಯುಪಿಎಸ್ ಸಿಗತೈತಿ, ಅಂಗೈ ಅಗಲ; ಲೈಟ್ ಹೋದ್ರೂ ರೌಟರ್ ಆಫ್ ಆಗದಂಗ ಕರೆಂಟ್ ಕೊಡೋ ಬ್ಯಾಟರಿ ಡಬ್ಬಿ. ತೊಗೊಳ್ಳೋಕಿಂತ ಮೊದಲ ರೌಟರಿನ ಅಡಾಪ್ಟರ್ ತಿರುವಿ, ಔಟ್‌ಪುಟ್ ಅಂತ ಬರದಿದ್ದ ಸಣ್ಣಕ್ಷರ ಓದ್ರಿ. ನಂದರಾಗ 12 ವೋಲ್ಟ್, 1 ಆಂಪ್ ಅಂತ ಇತ್ತು. ವೋಲ್ಟ್ ಅಷ್ಟಕ್ಕಷ್ಟ ಕೂಡಬೇಕು. ಆಂಪ್ ಹೆಚ್ಚಿದ್ರ ನಡೀತೈತಿ, ಕಮ್ಮಿ ಇದ್ರ ಇಲ್ಲ. 9 ವೋಲ್ಟಿನದಕ್ಕ 12 ಕೊಟ್ರ ರೌಟರ್ ಸುಟ್ಟ ಹೋದೀತು, ಹುಷಾರು.

ಬ್ಯಾಟರಿ ಎಷ್ಟು ಹಿಡಿತೈತಿ ಅನ್ನೋದಕ್ಕ ಡಬ್ಬಿ ಮ್ಯಾಲ 10,000 ಎಂಎಎಚ್ ಅಂತ ದೊಡ್ಡದಾಗಿ ಬರದಿದ್ದು ನೋಡಿ ಹಿಗ್ಗಬ್ಯಾಡ್ರಿ. ಅದು ಸಾಮಾನ್ಯವಾಗಿ ಒಳಗಿನ ಸೆಲ್ಲಿನ 3.7 ವೋಲ್ಟಿನ ಲೆಕ್ಕ, ಅಂದ್ರ ಒಟ್ಟು 37 ವ್ಯಾಟ್-ಅವರ್ (37 ವ್ಯಾಟ್ ಎಳದ್ರ ಒಂದು ತಾಸಿನಷ್ಟು). 10 ವ್ಯಾಟ್ ಎಳಿಯೋ ರೌಟರಿಗೆ ಮೂರು ತಾಸು ಸಿಕ್ರ ಪುಣ್ಯಾ.

ಇನ್ನೊಂದು: ಫೈಬರ್ ಡಬ್ಬಿ (ಹೊರಗಿಂದ ನೆಟ್ಟಿನ ಕೇಬಲ್ ಬಂದು ಸೇರೋದು), ರೌಟರ್ ಬ್ಯಾರೆ ಬ್ಯಾರೆ ಇದ್ರ ಎರಡಕ್ಕೂ ಬ್ಯಾಕಪ್ ಬೇಕು. ನಮ್ಮ ಬಾಜೂ ಮನಿಯವರು ರೌಟರಿಗಷ್ಟ ಹಾಕಿ, ವೈಫೈ ಫುಲ್ ಐತಿ ನೆಟ್ಟ ಇಲ್ಲ ಅಂತ ಒಂದು ವಾರ ತಲಿ ಕೆರಕೊಂಡ್ರು.