ರೈನ್‌ಗೇಜನ್ನು ಗುಂಡಿಗೆ ಇಳಿಸಿದ ಮೇಲೆ

ನಮ್ಮ ಕಾಫಿ ತೋಟ ಸಕಲೇಶಪುರದ ಕಡೆ, ಗುಡ್ಡದ ನೆತ್ತಿಗೆ ಹತ್ತಿರ. ಮುಂಗಾರಿನ ಗಾಳಿ ಪಡುವಣದಿಂದ ನೇರ ಬಂದು ಬಡಿಯುವ ಜಾಗ. ಗುಡ್ಡದ ಕೆಳಗಿನ ತೋಟದವರು ಪ್ರತಿ ವರ್ಷ ನಮಗಿಂತ ಹತ್ತು ಹದಿನೈದು ಇಂಚು ಜಾಸ್ತಿ ಮಳೆ ಬರೆದುಕೊಳ್ಳುತ್ತಿದ್ದರು. ಮೋಡ ಮೊದಲು ತಾಗುವುದು ನಮಗೆ, ಮಳೆ ಜಾಸ್ತಿ ಅವರಿಗೆ! ಇದರಲ್ಲಿ ಗಾಳಿಯದೂ ಪಾಲಿದೆ ಎಂದರೆ ಯಾರೂ ಒಪ್ಪಲಿಲ್ಲ. "ನಿಮ್ಮ ರೈಟರ್ ಬೆಳಿಗ್ಗೆ ಏಳಲ್ಲ, ಅಷ್ಟೇ" ಅಂದರು. ರೈಟರ್ ಅಂದರೆ ತೋಟದ ಲೆಕ್ಕ ಬರೆಯುವವ.

ಮಳೆ ಅಳೆಯುವ ಡಬ್ಬ, ಅಂದರೆ ರೈನ್‌ಗೇಜ್, ಇಟ್ಟಿದ್ದು ಸರಿಯಾಗಿಯೇ. ಬಾಯಿ ನೆಲದಿಂದ ಒಂದಡಿ ಮೇಲೆ, ಸುತ್ತ ಮರ ಇಲ್ಲ, ಬೆಳಿಗ್ಗೆ ಎಂಟೂವರೆಗೆ ಅಳತೆ. ತೊಂದರೆ ಇದ್ದಿದ್ದು ಆ ಒಂದಡಿಯಲ್ಲೇ. ಬೀಸುವ ಗಾಳಿ ಡಬ್ಬಕ್ಕೆ ಬಡಿದು ಮೇಲಕ್ಕೆ ಏಳುತ್ತದೆ, ಬಾಯಿಯ ಮೇಲೆ ಜೋರಾಗುತ್ತದೆ. ದಪ್ಪ ಹನಿ ಹೇಗೋ ಒಳಗೆ ಬೀಳುತ್ತದೆ, ಸಣ್ಣ ಹನಿ ದಾಟಿ ಹೋಗುತ್ತದೆ. ನಮ್ಮಲ್ಲಿ ಪುನರ್ವಸು, ಪುಷ್ಯದಲ್ಲಿ ಬರುವುದೆಲ್ಲ ಸಣ್ಣ ಹನಿಯೇ ಅಲ್ವಾ?

ಮೊದಲು ಶೇಡ್‌ನೆಟ್ ಕಟ್ಟಿ ನೋಡಿದೆ. ಐವತ್ತು ಪರ್ಸೆಂಟಿನ ನೆಟ್, ನಾಲ್ಕು ಗೂಟ, ಮೂರು ಸಾವಿರದ ಆಸುಪಾಸು ಖರ್ಚು. ಸ್ವಲ್ಪ ವ್ಯತ್ಯಾಸ ಕಂಡಿತು. ಆದರೆ ಒಂದು ರಾತ್ರಿಯ ಗಾಳಿಗೆ ನೆಟ್ ಹೋಗಿ ಸಿಲ್ವರ್ ಮರಕ್ಕೆ ಸುತ್ತಿಕೊಂಡಿತ್ತು. ಆಮೇಲೆ ಅಮೆರಿಕದ ಹವಾಮಾನ ತಜ್ಞ ಆಲ್ಟರ್ 1937ರಲ್ಲಿ ತೋರಿಸಿದ ಮಾದರಿ. ಗೇಜಿನ ಸುತ್ತ ಒಂದು ಬಳೆ, ಅದಕ್ಕೆ ಜೋತುಬಿದ್ದ ತಗಡಿನ ಪಟ್ಟಿಗಳು. ವೆಲ್ಡಿಂಗ್‌ನವನಿಗೆ ಐದು ಸಾವಿರ ಕೊಟ್ಟೆ. ಕೆಲಸವೇನೋ ಮಾಡಿತು, ಆದರೆ ಕೋತಿಗಳಿಗೆ ಆ ಸದ್ದು ಬಹಳ ಇಷ್ಟವಾಯಿತು. ತಿಂಗಳೊಳಗೆ ಅರ್ಧ ಪಟ್ಟಿ ಕಿತ್ತುಹಾಕಿದವು.

ಆಗ ಇನ್ನೊಂದು ಗೇಜಿಗೆಂದು ಗುಂಡಿ ತೋಡಿಸಿದೆ. ಗೇಜಿನ ಬಾಯಿ ನೆಲದ ಮಟ್ಟಕ್ಕೇ ಬಂದರೆ ಗಾಳಿಗೆ ಬಡಿಯಲು ಏನೂ ಸಿಗುವುದಿಲ್ಲ. ನಾಲ್ಕಡಿ ಉದ್ದ, ನಾಲ್ಕಡಿ ಅಗಲ. ಮೊದಲ ವಾರ ಅಳತೆ ಏಕಾಏಕಿ ಏರಿತು, ಸುಮಾರು ಹದಿನೈದು ಪರ್ಸೆಂಟ್. ಕೆಳಗಿನ ತೋಟದ ಯಜಮಾನರು ಬಂದು ನೋಡಿ, "ಏನಪ್ಪಾ, ಗುಂಡಿ ತೋಡಿ ಮಳೆ ಜಾಸ್ತಿ ಮಾಡ್ಕಂಡಿಯಾ?" ಎಂದು ನಕ್ಕರು. ಅವರ ಅನುಮಾನದಲ್ಲೂ ಹುರುಳಿತ್ತು. ಅಳತೆಗ್ಲಾಸಿನ ತಳದಲ್ಲಿ ಕೆಂಪು ಮಣ್ಣು ಕೂತಿತ್ತು. ನೆಲಕ್ಕೆ ಬಿದ್ದ ಹನಿ ಸಿಡಿದು ಗೇಜಿನೊಳಗೆ ಹಾರುತ್ತಿತ್ತು.

ಅದಕ್ಕೆ ಅಡಿಕೆ ದಬ್ಬೆ, ಅಂದರೆ ಅಡಿಕೆ ಮರ ಸೀಳಿದ ಪಟ್ಟಿ. ದಬ್ಬೆಗಳನ್ನು ಮಲಗಿಸದೆ ಅಂಚಿನ ಮೇಲೆ ನಿಲ್ಲಿಸಿ, ಕಿಟಕಿಯ ಜಾಲರಿ ಥರ ಚೌಕ ಚೌಕವಾಗಿ ಹೆಣೆದು, ಗುಂಡಿಯ ಮೇಲೆ ಕೂರಿಸಿದೆ. ನಡುವೆ ಗೇಜಿನ ಬಾಯಿಗೆ ದೊಡ್ಡ ಚೌಕ. ಮಳೆ ಚೌಕದೊಳಗೆ ಇಳಿದು ಗುಂಡಿಯ ತಳಕ್ಕೆ ಬೀಳುತ್ತದೆ, ಸಿಡಿದರೂ ಮೇಲೆ ಬರುವುದಿಲ್ಲ. ದಬ್ಬೆಯ ಮೇಲಂಚಿಗೇ ಬಿದ್ದ ಹನಿ ಸಿಡಿಯುವುದಿಲ್ಲವೇ ಎಂದು ಕೇಳುವಿರಿ. ಸಿಡಿಯುತ್ತದೆ. ಆ ಅಂಚನ್ನು ಹೇಗೆ ಕೆತ್ತಬೇಕು ಅನ್ನುವುದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ. ತೋಟಕ್ಕೆ ಬನ್ನಿ, ಕಾಫಿ ಕುಡಿದು ನೋಡಿಕೊಂಡು ಹೋಗಿ.

ಆರಿದ್ರಾ ಮಳೆ ಹಿಡಿದಾಗ ಇನ್ನೊಂದು ತಾಪತ್ರಯ. ಗುಂಡಿಗೆ ಒರತೆ ಬಂದು ಗೇಜ್ ತೇಲಿತು! ಒಂದು ಮಗ್ಗುಲಿಗೆ ವಾಲಿಕೊಂಡು ಬಾತುಕೋಳಿಯ ಹಾಗೆ ಸುತ್ತುತ್ತಿತ್ತು. ಇಳಿಜಾರಿನ ಕಡೆಗೆ ಕಾಲುವೆ ಸೀಳಿ ಎರಡಿಂಚಿನ ಪಿವಿಸಿ ಪೈಪ್ ಹೂಳಿಸಿದೆ, ಗೇಜನ್ನು ಕಲ್ಲುಚಪ್ಪಡಿಗೆ ತಂತಿಯಲ್ಲಿ ಬಿಗಿದೆ. ಗುಂಡಿ, ಪೈಪ್, ದಬ್ಬೆ, ಆಳಿನ ಕೂಲಿ ಎಲ್ಲ ಸೇರಿ ಎಂಟೊಂಬತ್ತು ಸಾವಿರ ಆಗಿರಬೇಕು. ಹೆಚ್ಚು ತಿಂದಿದ್ದು ಕಾಲುವೆಯೇ.

ಹಳೇ ಗೇಜನ್ನು ತೆಗೆಯಲಿಲ್ಲ, ಹತ್ತಡಿ ದೂರದಲ್ಲಿ ಹಾಗೇ ಇದೆ. ಗುಂಡಿಗೆ ಇಳಿಸುವ ಮುಂಚೆ ಎರಡನ್ನೂ ಕೆಲವು ದಿನ ಅಕ್ಕಪಕ್ಕ ಇಟ್ಟು ನೋಡಿದ್ದೆ, ಒಂದೆರಡು ಸೆಂಟಿಗಿಂತ (ನೂರು ಸೆಂಟು ಒಂದಿಂಚು) ಜಾಸ್ತಿ ಫರಕು ಬರಲಿಲ್ಲ. ಇದನ್ನು ಮಾಡದೆ ಹೋಲಿಕೆಗೆ ಇಳಿಯಬೇಡಿ. ಆ ಮುಂಗಾರಿನಲ್ಲಿ ಮೇಲಿನದು 110 ಇಂಚಿನ ಹತ್ತಿರ ತೋರಿಸಿದರೆ ಗುಂಡಿಯದು 117 ದಾಟಿತ್ತು. ಗಾಳಿ ಇಲ್ಲದೆ ಧೋ ಎಂದು ಸುರಿದ ದಿನ ಎರಡೂ ಒಂದೇ. ಗಾಳಿಯ ಜೊತೆ ಜಿಟಿಜಿಟಿ ಹಿಡಿದ ದಿನ ಮಾತ್ರ ಹದಿನೈದು, ಕೆಲವೊಮ್ಮೆ ಇಪ್ಪತ್ತು ಪರ್ಸೆಂಟ್ ತನಕ ಅಂತರ. ಕೆಳಗಿನವರ ಲೆಕ್ಕಕ್ಕಿಂತ ನಮ್ಮದು ಈಗಲೂ ಕಡಿಮೆಯೇ, ಆದರೆ ಅಂತರ ಅರ್ಧಕ್ಕೆ ಇಳಿದಿದೆ. ಉಳಿದದ್ದು ಗುಡ್ಡದ ಮರೆಯಲ್ಲಿ ನಿಜವಾಗಿ ಬಿದ್ದ ಮಳೆ ಇರಬಹುದು.

ಸುಮ್ನೆ ಕುತೂಹಲಕ್ಕೆ ಇನ್ನೊಂದು ಗೇಜನ್ನು ಮನೆ ತಾರಸಿಯ ಮೇಲೂ ಇಟ್ಟಿದ್ದೆ. ಅದು ನೆಲದ್ದಕ್ಕಿಂತ ಕಾಲು ಭಾಗ ಕಡಿಮೆ ತೋರಿಸಿತು. ಲಂಡನ್ನಿನಲ್ಲಿ ಹೆಬರ್ಡನ್ ಎಂಬ ವೈದ್ಯರು 1766ರಲ್ಲೇ ಇದನ್ನು ಮಾಡಿ ನೋಡಿದ್ದರು. ವರ್ಷಕ್ಕೆ ನೆಲದ ಹತ್ತಿರ 22 ಇಂಚು ಚಿಲ್ಲರೆ, ಮನೆ ಮಾಡಿನ ಮೇಲೆ 18, ವೆಸ್ಟ್‌ಮಿನ್‌ಸ್ಟರ್ ಅಬ್ಬೆಯ ಮೇಲೆ ಬರೀ 12. ಇದು ಗಾಳಿಯ ಕೆಲಸ ಎಂದು 1861ರಲ್ಲಿ ಬಿಡಿಸಿ ಹೇಳಿದ್ದು ಜೆವನ್ಸ್, ಮುಂದೆ ಅರ್ಥಶಾಸ್ತ್ರದಲ್ಲಿ ಹೆಸರು ಮಾಡಿದವರು. ತಾರಸಿಯ ಮೇಲೆ ಡಿಜಿಟಲ್ ಗೇಜ್ ಕೂರಿಸಿ ಮೊಬೈಲಿನಲ್ಲಿ ಮಳೆ ತೋರಿಸುವವರು ಇದನ್ನು ಒಮ್ಮೆ ಯೋಚಿಸಲಿ.

ಜೂನ್, ಜುಲೈನಲ್ಲಿ ಏಳೆಂಟು ಇಂಚು ಆಚೀಚೆ ಆದರೆ ಗಿಡಕ್ಕೇನೂ ಆಗುವುದಿಲ್ಲ, ಒಪ್ಪುತ್ತೇನೆ. ದುಡ್ಡು ಇರುವುದು ಹೂಮಳೆಯಲ್ಲಿ, ಅಂದರೆ ಬೇಸಿಗೆಯಲ್ಲಿ ಬಂದು ಕಾಫಿ ಹೂ ಅರಳಿಸುವ ಮಳೆಯಲ್ಲಿ. ಅದು ಬರುವುದೇ ಗಾಳಿ, ಗುಡುಗಿನ ಜೊತೆ. ಈಚೆಗೆ ಒಂದು ಮಾರ್ಚಿನಲ್ಲಿ ಮೇಲಿನ ಗೇಜು 80 ಸೆಂಟಿನ ಹತ್ತಿರ ನಿಂತಿತು, ಗುಂಡಿಯದು 90 ದಾಟಿತ್ತು. ರೋಬಸ್ಟಾ ಕಾಫಿಗೆ ಇಂಚಾದರೂ ಬೇಕೆಂದು ಸುತ್ತಮುತ್ತ ಎಲ್ಲರೂ ಸ್ಪ್ರಿಂಕ್ಲರ್ ಹೂಡಿದರು. ನಾನು ಇಂಚಿನ ಹತ್ತಿರಕ್ಕೆ ಬಂದಿದೆ ಎಂದು ಗುಂಡಿಯನ್ನು ನಂಬಿ ಪಂಪ್ ಚಾಲೂ ಮಾಡಲಿಲ್ಲ. ಹೂವು ಚೆನ್ನಾಗಿಯೇ ಅರಳಿತು. ಡೀಸೆಲ್, ಕೂಲಿ ಸೇರಿ ನಲವತ್ತು ಸಾವಿರವಾದರೂ ಉಳಿದಿರಬೇಕು.

ದಿನಾ ಅಳೆಯುವಾಗ ಜಾಲರಿಯ ಮೇಲಿನ ಎಲೆ ತೆಗೆಯಬೇಕು, ವಾರಕ್ಕೊಮ್ಮೆ ಕಪ್ಪೆಗಳನ್ನು ಹೊರಗೆ ಹಾಕಬೇಕು. ದಬ್ಬೆ ಎರಡು ಮಳೆಗಾಲಕ್ಕಿಂತ ಜಾಸ್ತಿ ಬಾಳುವುದಿಲ್ಲ. ಅಪ್ಪನ ಕಾಲದ ರಿಜಿಸ್ಟರಿಗೆ ಈಗಿನ ಲೆಕ್ಕ ಬೆರೆಸಿಲ್ಲ. ಹಳೇ ಗೇಜಿಗೆ ಅದೇ ಕಾಲಂ, ಗುಂಡಿಗೆ ಪಕ್ಕದಲ್ಲಿ ಹೊಸ ಕಾಲಂ. ಎರಡನ್ನೂ ರೈಟರೇ ಬರೆಯುತ್ತಾನೆ, ಸರಿಯಾಗಿ ಎಂಟೂವರೆಗೆ.