ಹೊಗಳುವ ಕೀರ್ತನೆ ಬಿಟ್ಟು ದೂರುವ ಕೀರ್ತನೆ ಹಿಡಿದೆ

"ದೇವರ ಮೇಲೆ ದೂರು ಹೇಳಿ ಉದ್ಧಾರ ಆದವರು ಯಾರಾದರೂ ಉಂಟಾ ಮಾರಾಯ?" ಎಂದು ನಮ್ಮ ವಾಳೆಯ ಗುರ್ಕಾರರು, ಎಂದರೆ ಇಗರ್ಜಿಯ ನಮ್ಮ ವಾರ್ಡಿನ ಮುಖಂಡರು, ನಕ್ಕಿದ್ದರು. ಈಗ ಕುಡಿದು ಬಿದ್ದವರನ್ನು, ಸಾಲದಲ್ಲಿ ಮುಳುಗಿದವರನ್ನು ಅವರೇ ನನ್ನ ಅಂಗಡಿಗೆ ಕಳಿಸುತ್ತಾರೆ. ಬೈಬಲ್‌ನ ದೂರಿನ ಕೀರ್ತನೆಗಳನ್ನು ದಿನಾ ಓದಿ ನಾನು ಕುಡಿತ ಬಿಟ್ಟದ್ದು ಹೇಗೆ ಎಂದು ಅದಕ್ಕೇ ಬರೆಯುತ್ತಿದ್ದೇನೆ. ಜಪಮಾಲೆ, ನೊವೆನಾ ಎಂಬ ಒಂಬತ್ತು ದಿನದ ಪ್ರಾರ್ಥನೆ, ಧ್ಯಾನಕೂಟ ಎಲ್ಲ ಮೊದಲೇ ಮಾಡಿ ನೋಡಿದವನು ನಾನು.

ನಾನು ಕಾಸರಗೋಡಿನ ಬದಿಯಡ್ಕದ ಕಡೆಯವನು. ಕಸುಬು ಮೋಟಾರು ರಿವೈಂಡಿಂಗ್, ಎಂದರೆ ಸುಟ್ಟ ಮೋಟಾರಿಗೆ ಹೊಸ ತಂತಿ ಸುತ್ತಿ ಕಟ್ಟುವುದು. ಒಬ್ಬ ಪಾಲುದಾರನ ಜೊತೆ ಕುಂಬಳೆಯಲ್ಲಿ ಪಂಪ್‌ಸೆಟ್ ಅಂಗಡಿ ಹಾಕಿದ್ದೆ. 2018ರ ಮಳೆಗಾಲಕ್ಕೆ ಅವನೂ ಇಲ್ಲ, ಸ್ಟಾಕೂ ಇಲ್ಲ. ನನ್ನ ತಲೆ ಮೇಲೆ ಸುಮಾರು 11 ಲಕ್ಷ ಸಾಲ, ಅದರಲ್ಲಿ ಹೆಂಡತಿಯ ಬಂಗಾರವೂ ಸೇರಿತ್ತು. ಕುಡಿತ ಮೊದಲೇ ಇತ್ತು, ಆಮೇಲೆ ಹಗಲಿಗೂ ಬಂತು. ತಿಂಗಳಿಗೆ ಆರೇಳು ಸಾವಿರ ಅದಕ್ಕೇ. ಹೆಂಡತಿ ಮಗಳನ್ನು ಕರೆದುಕೊಂಡು ಪುತ್ತೂರಿನ ತವರಿಗೆ ಹೋದಳು. ತಪ್ಪು ಅವಳದ್ದಲ್ಲ.

ಎರಡು ವರ್ಷದಲ್ಲಿ ನಾಲ್ಕು ಧ್ಯಾನಕೂಟಕ್ಕೆ ಹೋದೆ. ಐದೈದು ದಿನದ ಪ್ರಾರ್ಥನಾ ಶಿಬಿರ, ಮೂರು ಮಲಯಾಳದಲ್ಲಿ, ಒಂದು ಕೊಂಕಣಿಯಲ್ಲಿ. ಒಂದೊಂದಕ್ಕೂ ಬಸ್ಸು, ಕಾಣಿಕೆ, ಹೋದ ದುಡಿಮೆ ಎಲ್ಲ ಸೇರಿ ನಾಲ್ಕು ಸಾವಿರದ ಹತ್ತಿರ. ಅಲ್ಲಿ ಕೈ ಎತ್ತಿ ಜೋರಾಗಿ ಸ್ತುತಿ ಮಾಡಿಸುತ್ತಾರೆ. ನಾನೂ ಎತ್ತಿದೆ. ಅತ್ತೆ ಕೂಡ. ಶುಕ್ರವಾರ ಊರಿಗೆ ಬಂದರೆ ಸೋಮವಾರ ಸಂಜೆ ಬಾರ್‌ನಲ್ಲಿ ಅದೇ ಕುರ್ಚಿ. ಅವರು ಮೋಸ ಮಾಡಿದರು ಎಂದು ಹೇಳುತ್ತಿಲ್ಲ, ಎಷ್ಟೋ ಜನರಿಗೆ ಅದರಿಂದಲೇ ಆಗಿದೆ. ನನಗೆ ಹಿಡಿಯಲಿಲ್ಲ, ಅಷ್ಟೆ. ಹರಕೆಯೂ ಹೊತ್ತೆ. ಮಂಜೇಶ್ವರದವರೆಗೆ ರೈಲು, ಅಲ್ಲಿಂದ ಮುಡಿಪುವಿನ ಸಂತ ಜೋಸೆಫ್ ವಾಜ್‌ರ ಗುಡ್ಡಕ್ಕೆ ನಡಿಗೆ. 2015ರಲ್ಲಿ ಅವರಿಗೆ ಸಂತ ಪದವಿ ಸಿಕ್ಕಾಗ ಮನೆಮಂದಿಯೆಲ್ಲ ಹೋಗಿದ್ದೆವು, ಈ ಸಲ ಒಬ್ಬನೇ. ಕಾಲಿಗೆ ಬೊಬ್ಬೆ ಬಂದದ್ದು ನಿಜ, ಬೇರೇನೂ ಆಗಲಿಲ್ಲ. 2019ರ ತಪಸ್ಸುಕಾಲದಲ್ಲಿ, ಎಂದರೆ ಈಸ್ಟರಿಗೆ ಮುಂಚಿನ ಉಪವಾಸದ ನಲವತ್ತು ದಿನಗಳಲ್ಲಿ, ಕುಡಿತ ಮುಟ್ಟುವುದಿಲ್ಲ ಎಂದು ಆಣೆ ಇಟ್ಟೆ. ಅದು ಶುರುವಾಗುವ ಬೂದಿ ಬುಧವಾರದಿಂದ ಒಂದು ತಿಂಗಳ ಮೇಲೆ ತಡೆದೆ. ಈಸ್ಟರಿಗೆ ಒಂದು ವಾರ ಇರುವಾಗ ಬರುವ ಗರಿಗಳ ಭಾನುವಾರ, ಕೈಯಲ್ಲಿ ಆಶೀರ್ವಾದದ ಗರಿ ಇರುವಾಗಲೇ ಮತ್ತೆ ಕುಡಿತಕ್ಕೆ ಬಿದ್ದೆ. ಮೇಣದ ಬತ್ತಿ, ಹರಕೆ, ಪ್ರಯಾಣ ಎಲ್ಲ ಲೆಕ್ಕ ಹಾಕಿದರೆ ಮೂವತ್ತೈದು ಸಾವಿರ ದಾಟಿರಬೇಕು.

2020ರ ಮಾರ್ಚಿನಲ್ಲಿ ಎಲ್ಲ ಮುಚ್ಚಿತು. ಬಾರ್ ಇಲ್ಲ, ಪೂಜೆ ಇಲ್ಲ, ಧ್ಯಾನಕೂಟ ಇಲ್ಲ. ಕೇರಳ-ಕರ್ನಾಟಕ ಗಡಿಯ ತಲಪಾಡಿಯಲ್ಲಿ ರಸ್ತೆಗೆ ಮಣ್ಣು ಸುರಿದರು. ಪುತ್ತೂರು ದೂರವೇನಲ್ಲ, ಆದರೆ ಗಡಿಯ ಆಚೆ ಕರ್ನಾಟಕದಲ್ಲಿ, ನನ್ನ ಮಗಳು ಬೇರೆ ದೇಶದಲ್ಲಿದ್ದ ಹಾಗೆ. ಅಂಗಡಿಯಲ್ಲಿ ನಾನು, ಸುಟ್ಟ ನಾಲ್ಕು ಮೋಟಾರು, ಅಪ್ಪನ ಕನ್ನಡ ಬೈಬಲ್. ಸುಮ್ನೆ ತೆರೆದೆ. 13ನೇ ಕೀರ್ತನೆ ಬಂತು. ಮೊದಲ ಎರಡು ವಚನದಲ್ಲೇ ದಾವೀದ ರಾಜ ದೇವರನ್ನು ನಾಲ್ಕು ಸಲ ಕೇಳುತ್ತಾನೆ, ಇನ್ನು ಎಷ್ಟು ಕಾಲ, ಇನ್ನು ಎಷ್ಟು ಕಾಲ ಎಂದು. ಸಾಲಗಾರನೊಬ್ಬ ಬ್ಯಾಂಕಿನ ಕೌಂಟರಿನಲ್ಲಿ ನಿಂತು ಕೇಳಿದ ಹಾಗೆ ಇತ್ತು. ನಾನು ನಕ್ಕೆ. ಆಮೇಲೆ ಜೋರಾಗಿ ಓದಿದೆ. ಆಮೇಲೆ ಅತ್ತೆ. ಅದು ಕೈ ಎತ್ತಿ ಅತ್ತ ಅಳು ಅಲ್ಲ.

ಹಾಗಾದರೆ ಇಂಥವನ್ನೇ ಹುಡುಕೋಣ ಎಂದುಕೊಂಡೆ. ಪಶ್ಚಾತ್ತಾಪದ ಕೀರ್ತನೆಗಳು ಎಂದು ಹೇಳುವುದು ಏಳು: 6, 32, 38, 51, 102, 130, 143. ಇದಕ್ಕೆ 13, 22, 88 ಸೇರಿಸಿ ಹತ್ತು ಮಾಡಿದೆ. 22 ಯಾಕೆ ಎಂದರೆ ಶಿಲುಬೆ ಮೇಲೆ ಯೇಸುವೇ ಅದರ ಮೊದಲ ಸಾಲು ಕೂಗಿದರು, ನನ್ನ ದೇವರೇ ನನ್ನನ್ನು ಯಾಕೆ ಕೈಬಿಟ್ಟೆ ಎಂದು. ಅವರಿಗೆ ದೂರಬಹುದಾದರೆ ನನಗೆ ಯಾಕೆ ಬಾರದು? 88 ಇನ್ನೂ ಗಟ್ಟಿ. ಬೇರೆ ದೂರುಗಳಲ್ಲಿ ಹೆಚ್ಚಿನವು ಕೊನೆಗೆ ಹೇಗೋ ಸಮಾಧಾನಕ್ಕೆ ಬರುತ್ತವೆ, ಇದು ಕತ್ತಲೆ ಎಂದು ಹೇಳಿ ಅಲ್ಲಿಗೇ ನಿಲ್ಲುತ್ತದೆ. ಅಷ್ಟು ಕೆಟ್ಟ ದಿನಕ್ಕೂ ಬೈಬಲ್‌ನಲ್ಲಿ ಒಂದು ಪುಟ ಇಟ್ಟಿದ್ದಾರಲ್ಲ ಎಂಬುದೇ ನನಗೆ ದೊಡ್ಡ ಸಮಾಧಾನ.

ಬೆಳಿಗ್ಗೆ ಐದೂವರೆ. ದಿನಕ್ಕೊಂದು ಕೀರ್ತನೆ, ನಿಂತುಕೊಂಡು, ಪಕ್ಕದ ಅಂಗಡಿಗೆ ಕೇಳುವಷ್ಟು ಜೋರಾಗಿ. ಆಮೇಲೆ ಕೂತು ಪುಸ್ತಕದಲ್ಲಿ ನಕಲು. ಎಡಪುಟದಲ್ಲಿ ಕೀರ್ತನೆ, ಬಲಪುಟದಲ್ಲಿ ನನ್ನ ದೂರು, ಹೆಸರು ಮೊತ್ತದ ಸಮೇತ. "ಈ ತಿಂಗಳು 9 ಸಾವಿರ ಕಟ್ಟಬೇಕು, ಕೈಯಲ್ಲಿ 2 ಸಾವಿರ, ನೀನು ಎಲ್ಲಿದ್ದಿ?" ಇಷ್ಟೇ ವಿಧಾನ. ಲಾಂಗ್ ಸೈಜಿನ ಪುಸ್ತಕಕ್ಕೆ ಆಗ ಐವತ್ತೋ ಅರುವತ್ತೋ ರೂಪಾಯಿ.

ಮನೆಮಾತು ಕೊಂಕಣಿ ಅಲ್ವಾ, ಕೊಂಕಣಿಯಲ್ಲೇ ಯಾಕೆ ಓದುವುದಿಲ್ಲ ಎಂದು ಅಕ್ಕ ಕೇಳಿದಳು. ಹದಿನೈದು ದಿನ ನೋಡಿದೆ. ಚಿಕ್ಕಂದಿನಿಂದ ಬಾಯಿಪಾಠ ಆದ ಮಾತುಗಳು, ಜಾರಿಹೋಗುತ್ತವೆ. ನಾನು ಕಲಿತದ್ದು ಕನ್ನಡ ಶಾಲೆಯಲ್ಲಿ. ಪಂಚಾಯತಿಗೆ ಅರ್ಜಿ ಬರೆದದ್ದು, ಮಲಯಾಳ ನೋಟೀಸಿಗೆ ಹಟ ಹಿಡಿದು ಉತ್ತರ ಕೊಟ್ಟದ್ದು ಎಲ್ಲ ಕನ್ನಡದಲ್ಲಿ. ನನ್ನ ಜಗಳದ ಭಾಷೆ ಅದು. ದೂರು ಅದರಲ್ಲೇ ಸರಿ ಬರುತ್ತದೆ.

ಮೇ ಕೊನೆಯಲ್ಲಿ ಆ್ಯಪ್‌ನಲ್ಲಿ ಟೋಕನ್ ತೆಗೆದು ಮದ್ಯ ಕೊಡಲು ಶುರು ಮಾಡಿದರು. ಮೊದಲ ವಾರವೇ ನನ್ನ ಟೋಕನ್ ಬಂತು. ಎರಡು ತಿಂಗಳ ಕೀರ್ತನೆ ಒಂದು ರಾತ್ರಿಗೆ ಹೋಯಿತು. ಆದರೆ ಮರುದಿನ ಐದೂವರೆಗೆ ತಲೆ ಸಿಡಿಯುತ್ತಿದ್ದರೂ ಎದ್ದು ನಿಂತೆ, 38 ಓದಿದೆ. ಧ್ಯಾನಕೂಟ ಆಗಿದ್ದರೆ ನಾಚಿಕೆಯಿಂದ ಆ ಕಡೆ ತಲೆ ಹಾಕುತ್ತಿರಲಿಲ್ಲ. ದೂರುವವನಿಗೆ ಆ ನಾಚಿಕೆ ಇಲ್ಲ. ಆಗಸ್ಟಿನವರೆಗೆ ಇನ್ನೂ ಮೂರೋ ನಾಲ್ಕೋ ಸಲ ಬಿದ್ದಿರಬೇಕು. ಆಮೇಲೆ ಇಲ್ಲ. ಇವತ್ತಿನವರೆಗೂ ಇಲ್ಲ. ಬಾರ್ ಮುಚ್ಚಿದ್ದಕ್ಕೆ ಬಿಟ್ಟ ಎನ್ನುವವರಿಗೆ ಇದನ್ನು ಹೇಳಿ.

ನಡುವೆ ಬೇರೆ ಪ್ರಯೋಗಗಳೂ ಆದವು. ಸಂತ ಬೆನೆಡಿಕ್ಟರ ನಿಯಮದಲ್ಲಿ ಮಠದವರು ವಾರಕ್ಕೆ 150 ಕೀರ್ತನೆಯನ್ನೂ ಮುಗಿಸಬೇಕು ಎಂದು ಫಾದರ್ ಹೇಳಿದ್ದರು. ಆರನೇ ಶತಮಾನದವರಿಗೆ ಆದದ್ದು ನನಗೆ ಆಗದಾ ಎಂದು ಹೊರಟೆ. ಮೂರನೇ ದಿನ ಗಂಟಲು ಕಟ್ಟಿತು. ಓದುವ ಭರದಲ್ಲಿ ವಾರ್ನಿಷ್ ಹಚ್ಚಿ ಬಲ್ಬಿನ ಶಾಖಕ್ಕಿಟ್ಟ ಕಾಯಿಲ್ ಮರೆತು ಕರಟಿಸಿದೆ. ನಷ್ಟ 1,500. 119ನೆಯದನ್ನು ನಕಲು ಮಾಡಲು ಹೋದೆ, 176 ವಚನ, ಆರು ದಿನ ಹಿಡಿಯಿತು. ಕೈಬರಹ ಸುಧಾರಿಸಿತು, ಅಷ್ಟೇ ಲಾಭ. ಫೋನಿನಲ್ಲಿ ಕೇಳಿದರೆ ನಿದ್ದೆ ಬರುತ್ತದೆ. 109 ಶಾಪದ ಕೀರ್ತನೆ. ಪಾಲುದಾರನ ಮುಖ ನೆನೆದು ಒಂದು ವಾರ ಓದಿದೆ. ಹೊಟ್ಟೆಯುರಿ ಎಷ್ಟು ಏರಿತೆಂದರೆ ಅವನ ಮನೆ ಗೇಟಿನವರೆಗೆ ಹೋಗಿ ಬಂದೆ. ಹೊಸಬರು ಅದಕ್ಕೆ ಕೈ ಹಾಕಬೇಡಿ.

ತಿರುವು ಬಂದದ್ದು 51ರಲ್ಲಿ. ಬೇರೊಬ್ಬನ ಹೆಂಡತಿಯನ್ನು ಕಸಿದ ದಾವೀದನ ಹತ್ತಿರ ಪ್ರವಾದಿ ನಾತಾನ ಬಂದು, ಬಡವನ ಒಂದೇ ಒಂದು ಕುರಿಮರಿಯನ್ನು ಕಸಿದ ಸಿರಿವಂತನ ಕತೆ ಹೇಳಿದಾಗ ಅವನು ಸಿಟ್ಟಾಗುತ್ತಾನಲ್ಲ, ಆಮೇಲೆ "ಆ ಮನುಷ್ಯ ನೀನೇ" ಎನಿಸಿಕೊಂಡು ಹಾಡಿದ ಕೀರ್ತನೆ. ಎಷ್ಟನೇ ಸುತ್ತೋ ನೆನಪಿಲ್ಲ. ಎಡಪುಟ ಬರೆದಾಯಿತು. ಬಲಪುಟದಲ್ಲಿ ಪಾಲುದಾರನ ಮೋಸ ಬರೆಯಲು ಪೆನ್ನು ಇಟ್ಟೆ. ಮೇಜಿನ ಮೇಲೆ ಬಿಚ್ಚಿಟ್ಟ ಸ್ಟೇಟರ್, ಎಂದರೆ ಮೋಟಾರಿನೊಳಗೆ ತಂತಿ ಸುತ್ತುವ ಭಾಗ ಇತ್ತು, ನಾನೇ ಒಂದೂವರೆ ವರ್ಷದ ಹಿಂದೆ ಕಟ್ಟಿದ್ದು. ಸುಟ್ಟ ವಾರ್ನಿಷ್ ಉಗುರಿನಲ್ಲಿ ಕೆರೆದರೆ ಒಳಗೆ ಬೆಳ್ಳಗೆ. ಅಗ್ಗದ ಅಲ್ಯೂಮಿನಿಯಂ ತಂತಿ. ಬಿಲ್ಲು ಮಾಡಿದ್ದು ತಾಮ್ರಕ್ಕೆ. ಸಾಲದ ದಿನಗಳಲ್ಲಿ ಹಾಗೆ ಏಳು ಬಾವಿ ಪಂಪು ಕಟ್ಟಿದ್ದೆ. ನಮ್ಮ ಕಸುಬಿನವರಿಗೆ ಇದು ಹೊಸದಲ್ಲ ಬಿಡಿ, ಆದರೆ ಅದನ್ನು ನಾನು ಫಾದರ್ ಮುಂದೆ ಮಾಡುವ ಪಾಪನಿವೇದನೆಯಲ್ಲಿ ಯಾವತ್ತೂ ಹೇಳಿರಲಿಲ್ಲ. ಕುಡಿತ, ಬೈಗುಳ, ಪೂಜೆ ತಪ್ಪಿಸಿದ್ದು ಎಲ್ಲ ಹೇಳಿದ್ದೆ. ಬಲಪುಟದಲ್ಲಿ ಆ ದಿನ ಏಳು ಮನೆಯ ಹೆಸರು ಬರೆದೆ.

ಇಗರ್ಜಿ ತೆರೆದ ಮೇಲೆ ಬೇಳದ ಶೋಕಮಾತೆಯ ದೇವಾಲಯಕ್ಕೆ ಹೋದೆ. 1890ರದ್ದು, ನಮ್ಮ ಅಜ್ಜಿಯ ಮದುವೆ ಅಲ್ಲೇ ಆದದ್ದು. ಪಾಪನಿವೇದನೆ ಮಾಡಿದೆ. ಹಿಂದೆ ಕೊಡು ಎಂದರು ಫಾದರ್. ಬೈಬಲ್‌ನಲ್ಲಿ ಬರುವ ಸುಂಕದವನು ಜಕ್ಕಾಯನ ಹಾಗೆ ನಾಲ್ಕು ಪಟ್ಟು ಕೊಡಲು ನನ್ನಲ್ಲಿ ಎಲ್ಲಿತ್ತು? ಏಳೂ ಮೋಟಾರನ್ನು ಪುಕ್ಕಟೆ ತಾಮ್ರದಲ್ಲಿ ಕಟ್ಟಿಕೊಟ್ಟೆ. ತಂತಿ ಕಿಲೋಗೆ ಆಗ ಎಂಟುನೂರರ ಆಸುಪಾಸು. ಒಟ್ಟು ಹನ್ನೆರಡು ಸಾವಿರವಾದರೂ ಹೋಗಿರಬೇಕು, ಎಂಟು ತಿಂಗಳು ಹಿಡಿಯಿತು. ಇಬ್ಬರು ಬೈದರು. ಒಬ್ಬರು ಮೋಟಾರು ಕೊಟ್ಟ ಮೇಲೆ ಬೇರೆ ಅಂಗಡಿ ಹಿಡಿದರು. ನೀರ್ಚಾಲು ಕಡೆಯ ಒಬ್ಬರು ಭಟ್ರು, ಅಡಿಕೆ ತೋಟದವರು, ಕವಳ ಉಗಿದು ಬಂದು ಹೇಳಿದರು: "ಅಂದೇ ಗೊತ್ತಿತ್ತು ಮಾರಾಯ. ಎತ್ತುವಾಗಲೇ ಹಗುರ ಇತ್ತು. ನೀನಾಗಿ ಹೇಳ್ತಿಯೋ ನೋಡುವಾ ಅಂತ ಇದ್ದೆ." ಎರಡು ವರ್ಷ ಗೊತ್ತಿದ್ದೂ ನನಗೇ ಕೆಲಸ ಕೊಡುತ್ತಿದ್ದರು. ಆ ಸಂಜೆ 32 ಓದಿದೆ. ಬಾಯಿ ಮುಚ್ಚಿಕೊಂಡಿದ್ದಾಗ ಮೂಳೆ ಸವೆಯಿತು ಎಂಬುದು ಅದರಲ್ಲೇ ಬರುವುದು.

ಹೆಂಡತಿ 2021ರ ಮೊಂತಿ ಹಬ್ಬಕ್ಕೆ, ಎಂದರೆ ಮಾತೆ ಮರಿಯಳ ಹುಟ್ಟುಹಬ್ಬಕ್ಕೆ, ಬಂದಳು, ಹೊಸ ಅಕ್ಕಿಯ ಊಟ ಮಾಡಿ ಹಿಂದೆ ಹೋದಳು. ಕ್ರಿಸ್ಮಸ್‌ಗೆ ಬಂದವಳು ಉಳಿದಳು. ಸಾಲ ಇನ್ನು ಮೂರು ಲಕ್ಷದ ಒಳಗೆ ಉಂಟು. ಈ ವಿಧಾನ ಹಿಡಿದವರು ನನಗೆ ಗೊತ್ತಿರುವಂತೆ ಐದು ಜನ, ಇಬ್ಬರು ನಡುವೆ ಬಿಟ್ಟರು. ಬಿಟ್ಟವರಿಬ್ಬರೂ ಬಲಪುಟ ಬರೆಯದವರು. ದೂರು ಮುಗಿದ ಮೇಲೆ, ಪುಸ್ತಕ ಮುಚ್ಚುವ ಮೊದಲು, ನಾನು ಮಾಡುವ ಇನ್ನೊಂದು ಸಣ್ಣ ಕೆಲಸ ಉಂಟು. ಅದನ್ನು ಇಲ್ಲಿ ಬರೆಯುವುದಿಲ್ಲ. ಮೂರು ತಿಂಗಳು ತಪ್ಪದೆ ನಿಂತವರಿಗೆ ಮಾತ್ರ ಹೇಳುವುದು.

ಒಂಬತ್ತನೇ ಪುಸ್ತಕ ನಡೆಯುತ್ತಿದೆ. ಆ 109ಕ್ಕೆ ಎಂದು ಬಿಟ್ಟ ಎರಡು ಪುಟ ಪ್ರತಿ ಪುಸ್ತಕದಲ್ಲೂ ಖಾಲಿಯೇ. ಹೋದ ವಾರ ಪಾಲುದಾರನ ಅಣ್ಣನ ಮಗ ಒಂದು ಎಚ್‌ಪಿ ಮೋಟಾರು ತಂದ. ಯಾರ ಮನೆಯದ್ದೆಂದು ಕೇಳಲಿಲ್ಲ, ನನಗೆ ಗೊತ್ತು. ಒಳ್ಳೆಯ ತಾಮ್ರವನ್ನೇ ಹಾಕಿದೆ. ಬಿಲ್ಲಿನಲ್ಲಿ ಮಾತ್ರ ಒಂದು ರೂಪಾಯಿಯೂ ಬಿಡಲಿಲ್ಲ.