ಡ್ಯೂರರನ ‘ಸಂತ ಯೂಸ್ಟೇಸ್’ ಚಿತ್ರವನ್ನು ತರಗತಿಯಲ್ಲಿ ನೋಡಿಸುವ ಬಗೆ

ಜರ್ಮನಿಯ ನ್ಯೂರೆಂಬರ್ಗಿನ ಕಲಾವಿದ ಆಲ್ಬ್ರೆಕ್ಟ್ ಡ್ಯೂರರ್ (1471–1528) ಸುಮಾರು 1501ರಲ್ಲಿ ತಾಮ್ರದ ತಗಡಿನಲ್ಲಿ ಕೊರೆದ ‘ಸಂತ ಯೂಸ್ಟೇಸ್’ ಅವನ ತಾಮ್ರದ ಕೊರೆತಗಳಲ್ಲೆಲ್ಲ ದೊಡ್ಡದು. ಆದರೂ ಅದರ ಅಳತೆ ಸುಮಾರು 35 × 26 ಸೆಂಟಿಮೀಟರ್ ಮಾತ್ರ. ಹೀಗಾಗಿ ಕಾಸರಗೋಡಿನ ಕನ್ನಡ ಶಾಲೆಗಳ ಅಧ್ಯಾಪಕರು ಇದನ್ನು ಗೋಡೆಯಗಲಕ್ಕೆ ಹಿಗ್ಗಿಸಿ ತೋರಿಸುವುದಕ್ಕಿಂತ, ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂ ತನ್ನ ಜಾಲತಾಣದಲ್ಲಿ ಉಚಿತವಾಗಿ ಕೊಡುವ ಪ್ರತಿಯನ್ನು ಎ3 ಹಾಳೆಯಲ್ಲಿ ಮೂಲದ ಅಳತೆಗೇ ಮುದ್ರಿಸಿ, ಭೂತಕನ್ನಡಿಯೊಡನೆ ಮಕ್ಕಳ ಕೈಗೆ ಕೊಡುವುದು ಮೇಲು.

ಕಥೆಯನ್ನು ಮೊದಲೇ ಹೇಳಬಾರದು. ಮೊದಲು ಕುದುರೆಯ ಪಕ್ಕೆಯ ಮೇಲೆ ಭೂತಕನ್ನಡಿ ಹಿಡಿಸಬೇಕು. ದೂರದಿಂದ ಬೂದು ನೆರಳಾಗಿ ಕಾಣುವುದೆಲ್ಲ ಹತ್ತಿರದಲ್ಲಿ ಮೈಯ ಉಬ್ಬನ್ನೇ ಅನುಸರಿಸಿ ಬಾಗಿದ ಗೀರುಗಳು. ಕತ್ತಲು ಬೇಕಾದಲ್ಲಿ ಅವು ಒಂದನ್ನೊಂದು ಅಡ್ಡ ಹಾಯುತ್ತವೆ, ಬೆಳಕಿನ ಕಡೆಗೆ ತೆಳುವಾಗಿ ಮುಗಿದುಹೋಗುತ್ತವೆ. ಉಳಿ ತೋಡಿದ ಗೀರಿಗೆ ಶಾಯಿ ತುಂಬಿ, ತಗಡಿನ ಮೇಲ್ಮೈಯನ್ನು ಒರೆಸಿ, ಒದ್ದೆ ಕಾಗದವಿಟ್ಟು ಒತ್ತಿದಾಗ ಆ ಗೀರೇ ಕಪ್ಪಾಗಿ ಮೂಡುತ್ತದೆಂದು ಇಲ್ಲಿ ವಿವರಿಸಬಹುದು. ಮರದಚ್ಚಿನಲ್ಲಾದರೆ ಉಬ್ಬಿ ನಿಂತ ಭಾಗ ಮೂಡುತ್ತದೆ.

ಆಮೇಲೆ ಮುಂಭಾಗದ ಐದು ಬೇಟೆನಾಯಿಗಳು. ಕಲಾವಿದರ ಜೀವನಚರಿತ್ರೆ ಬರೆದ ವಸಾರಿಯಂತಹ, ಇಟಲಿಯ ಕಲೆಯ ಅಭಿಮಾನಿಯೂ ಇವನ್ನು ಮನಸಾರೆ ಹೊಗಳಿದ್ದಾನೆ. ಬೆಟ್ಟದ ಕೋಟೆಯನ್ನೂ ಗೋಪುರದ ಸುತ್ತ ಹಾರುವ ಹಕ್ಕಿಗಳನ್ನೂ ಮಕ್ಕಳು ತಾವಾಗಿಯೇ ಕಂಡುಕೊಳ್ಳುತ್ತಾರೆ.

ಜಿಂಕೆಯನ್ನು ಕೊನೆಗೆ ಹುಡುಕಿಸಬೇಕು, ಏಕೆಂದರೆ ಡ್ಯೂರರನೇ ಅದನ್ನು ಹಿಂದೆ, ಚಿಕ್ಕದಾಗಿ ಇಟ್ಟಿದ್ದಾನೆ. ಅದರ ಕೊಂಬುಗಳ ನಡುವಿನ ಶಿಲುಬೆ ಕಣ್ಣಿಗೆ ಬಿದ್ದ ಮೇಲೆಯೇ ಕಥೆ: ರೋಮಿನ ಟ್ರಾಜನ್ ಚಕ್ರವರ್ತಿಯ ಸೇನಾನಿ ಪ್ಲಾಸಿಡಸ್ ಬೇಟೆಯಲ್ಲಿ ಬೆನ್ನಟ್ಟಿದ ಜಿಂಕೆಯ ಕೊಂಬುಗಳ ನಡುವೆ ಕ್ರಿಸ್ತನನ್ನು ಕಂಡು, ಕುದುರೆಯಿಂದಿಳಿದು ಮಂಡಿಯೂರಿ, ಕುಟುಂಬಸಮೇತ ದೀಕ್ಷಾಸ್ನಾನ ಪಡೆದು ಯೂಸ್ಟೇಸನಾದನು. ಯಕ್ಷಗಾನದ ಮಾರೀಚನನ್ನು ಕಂಡ ನಮ್ಮ ಮಕ್ಕಳು ಇದನ್ನೂ ಮಾಯಾಮೃಗವೆಂದೇ ಶಂಕಿಸುತ್ತಾರೆ. ಶಂಕೆ ಸಹಜವೇ, ಆದರೆ ಇಲ್ಲಿ ಮೃಗ ಬೇಟೆಗಾರನನ್ನು ದಾರಿ ತಪ್ಪಿಸುವುದಿಲ್ಲ, ತಡೆದು ನಿಲ್ಲಿಸುತ್ತದೆ.

ಚಿತ್ರದ ಕೆಳಗೆ ಹೆಸರು ಬರೆಯುವಾಗ ಎಚ್ಚರ ಬೇಕು. ಚಿತ್ರದಲ್ಲಿ ಡ್ಯೂರರನ ಹೆಸರಿನ ಮೊದಲಕ್ಷರಗಳ ಗುರುತು ಇದೆಯೇ ಹೊರತು ಸಂತನ ಹೆಸರಿಲ್ಲ, ಇಸವಿಯೂ ಇಲ್ಲ. ಸಂತ ಹ್ಯೂಬರ್ಟನಿಗೂ ಇದೇ ಜಿಂಕೆಯ ಐತಿಹ್ಯವಿರುವುದರಿಂದ ಗೊಂದಲವಾಗಬಹುದು. 1520–21ರ ನೆದರ್‌ಲ್ಯಾಂಡ್ಸ್ ಪ್ರವಾಸದ ದಿನಚರಿಯಲ್ಲಿ ಕಲಾವಿದನೇ ಇದನ್ನು ಯೂಸ್ಟೇಸ್ ಎಂದು ಕರೆದಿರುವುದರಿಂದ ಆ ಹೆಸರನ್ನೇ ಬರೆಯಬೇಕು, ಇಸವಿಯ ಹಿಂದೆ ‘ಸುಮಾರು’ ಎಂಬುದನ್ನು ಬಿಡಬಾರದು.